ಗೇರ್‌ಬಾಕ್ಸಿನ ಕಾವು: ಒಂದು ಕೋಷ್ಟಕ, ಒಂದು ಪರೀಕ್ಷೆ, ಒಂದು ವಿಮರ್ಶೆ

ಎಂಜಿನ್ನಿನ ಬಲವನ್ನು ನಾಲ್ಕೂ ಚಕ್ರಗಳಿಗೆ ತಲಪಿಸುವ ವಾಹನಕ್ಕೆ 'ಫೋರ್ ವೀಲ್ ಡ್ರೈವ್' ಎನ್ನುತ್ತಾರೆ. ಜೀಪು ಇದಕ್ಕೆ ನಮಗೆಲ್ಲ ಪರಿಚಿತ ಉದಾಹರಣೆ. ಅಮೆರಿಕ, ಆಸ್ಟ್ರೇಲಿಯಾ ಮುಂತಾದ ದೇಶಗಳಲ್ಲಿ ಇಂಥ ವಾಹನದ ಹಿಂದೆ ಎರಡು ಮೂರು ಟನ್ ತೂಕದ ಗಾಲಿಮನೆಯನ್ನೋ ದೋಣಿಯನ್ನೋ ಕಟ್ಟಿಕೊಂಡು ಮರುಭೂಮಿ, ಬೆಟ್ಟಗಳನ್ನು ದಾಟಿ ಹೋಗುವುದು ಸಾಮಾನ್ಯ. ಆಗ ಚಾಲಕರನ್ನು ಕಾಡುವ ಪ್ರಶ್ನೆ ಒಂದೇ: ಎಂಜಿನ್ನಿನ ಕಾವನ್ನು ರೇಡಿಯೇಟರ್ ನೋಡಿಕೊಳ್ಳುತ್ತದೆ, ಅದರ ಹಿಂದಿರುವ ಗೇರ್‌ಬಾಕ್ಸ್ ಮತ್ತು ಟ್ರಾನ್ಸ್‌ಫರ್ ಕೇಸುಗಳ ಕಾವನ್ನು ಯಾರು ನೋಡಿಕೊಳ್ಳಬೇಕು?

ಟ್ರಾನ್ಸ್‌ಫರ್ ಕೇಸ್ ಎಂದರೆ ಗೇರ್‌ಬಾಕ್ಸಿನ ಹಿಂಬದಿಗೆ ಅಂಟಿಕೊಂಡಿರುವ ಇನ್ನೊಂದು ಚಿಕ್ಕ ಪೆಟ್ಟಿಗೆ. ಗೇರ್‌ಬಾಕ್ಸಿನಿಂದ ಬಂದ ತಿರುಗುಬಲವನ್ನು ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳಿಗೆ ಹಂಚುವುದು ಅದರ ಕೆಲಸ. ಕಡಿದಾದ ದಾರಿಗೆಂದು ವೇಗವನ್ನು ಇನ್ನೂ ತಗ್ಗಿಸುವ 'ಲೋ ರೇಂಜ್' ಗೇರುಗಳೂ ಅದರಲ್ಲೇ ಇರುತ್ತವೆ.

ಮೇಲಿನ ಪ್ರಶ್ನೆಗೆ ವಾಹನ ಲೋಕದಲ್ಲಿ ಮೂರು ಸಿದ್ಧ ಉತ್ತರಗಳು ಬಹುಕಾಲದಿಂದ ಓಡಾಡುತ್ತಿವೆ. ಮೊದಲನೆಯದು, ಎಣ್ಣೆಯ ತಾಪಕ್ಕೂ ಗೇರ್‌ಬಾಕ್ಸಿನ ಆಯುಸ್ಸಿಗೂ ಗಂಟು ಹಾಕುವ ಒಂದು ಪ್ರಸಿದ್ಧ ಕೋಷ್ಟಕ. ಎರಡನೆಯದು, ಕಂಪನಿಗಳು ತಮ್ಮ ವಾಹನ ಎಷ್ಟು ಭಾರ ಎಳೆಯಬಲ್ಲದೆಂದು ಸಾರುವ ಪ್ರಮಾಣಿತ ಪರೀಕ್ಷೆ. ಮೂರನೆಯದು, 'ದೊಡ್ಡ ಆಯಿಲ್ ಕೂಲರ್ ಹಾಕಿಸಿ' ಎಂಬ ಸಲಹೆ. ಮೂರರಲ್ಲೂ ಸತ್ಯಾಂಶ ಇದೆ. ಮೂರರಲ್ಲೂ ಕೊರತೆಯೂ ಇದೆ. ಕೊರತೆ ಎಲ್ಲಿದೆ ಎಂದು ನೋಡಲು ಪ್ರೌಢಶಾಲೆಯ ಭೌತವಿಜ್ಞಾನ ಸಾಕು. ಅದನ್ನು ಬಳಸಿ ಇವನ್ನು ತೂಗಿ ನೋಡೋಣ.

ಕಾವು ಹುಟ್ಟುವುದೆಲ್ಲಿ?

ಮೊದಲು ಜಮಾ-ಖರ್ಚಿನ ಲೆಕ್ಕ. ವಾಹನ 2,500 ಕಿ.ಗ್ರಾಂ, ಟ್ರೇಲರ್ 2,500 ಕಿ.ಗ್ರಾಂ, ಒಟ್ಟು 5,000 ಕಿ.ಗ್ರಾಂ ಎಂದುಕೊಳ್ಳಿ. ನೂರು ಮೀಟರಿಗೆ ಆರು ಮೀಟರ್ ಏರುವ ದಾರಿಯಲ್ಲಿ ಅದು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹತ್ತುತ್ತಿದೆ. ಸೆಕೆಂಡಿಗೆ 16.7 ಮೀಟರ್ ಎಂದಾಯಿತು. ಗುರುತ್ವದ ವಿರುದ್ಧ ಬೇಕಾದ ಬಲ 5,000 × 9.8 × 0.06, ಅಂದರೆ 2,940 ನ್ಯೂಟನ್. ಇದನ್ನು ವೇಗದಿಂದ ಗುಣಿಸಿದರೆ 49 ಕಿಲೋವ್ಯಾಟ್. ಟೈರುಗಳ ಉರುಳು ಘರ್ಷಣೆಗೆ ಸುಮಾರು 10 ಕಿಲೋವ್ಯಾಟ್, ಗಾಳಿಯ ಅಡ್ಡಿಗೆ ಸುಮಾರು 8 ಕಿಲೋವ್ಯಾಟ್ ಸೇರಿಸಿ. ಚಕ್ರಗಳ ಬಳಿ ಬೇಕಾಗುವ ಸಾಮರ್ಥ್ಯ 67 ಕಿಲೋವ್ಯಾಟ್ ಆಯಿತು. ನಡುವಿನ ನಷ್ಟಗಳನ್ನು ಕೂಡಿಸಿದರೆ ಗೇರ್‌ಬಾಕ್ಸಿನ ಬಾಯಿಗೆ ಸುಮಾರು 75 ಕಿಲೋವ್ಯಾಟ್ ಬರಬೇಕು.

ಈಗ ನಷ್ಟದ ಕಡೆ ನೋಡಿ. ಗೇರ್‌ಬಾಕ್ಸಿನ ಹಲ್ಲುಗಳು, ಬೇರಿಂಗುಗಳು, ಎಣ್ಣೆಯ ಕಡೆತ ಎಲ್ಲ ಸೇರಿ ನೂರಕ್ಕೆ ನಾಲ್ಕು ಪಾಲು ತಿಂದರೆ 3 ಕಿಲೋವ್ಯಾಟ್ ಕಾವಾಗುತ್ತದೆ. ಟ್ರಾನ್ಸ್‌ಫರ್ ಕೇಸ್ ನೂರಕ್ಕೆ ಎರಡು ಪಾಲು ತಿಂದರೆ ಸುಮಾರು 1.4 ಕಿಲೋವ್ಯಾಟ್. 'ದಕ್ಷತೆ 98 ಶೇಕಡಾ' ಎಂದು ಪುಸ್ತಕದಲ್ಲಿ ಓದಿದಾಗ ನಮಗೆ ಸಂತೋಷವಾಗುತ್ತದೆ. ಉಳಿದ ಎರಡು ಶೇಕಡಾ ಎಲ್ಲಿ ಹೋಯಿತೆಂದು ನಾವು ಕೇಳುವುದಿಲ್ಲ. ಬಕೆಟ್ಟಿನಲ್ಲಿ ಸ್ನಾನದ ನೀರು ಕಾಯಿಸುವ ವಿದ್ಯುತ್ ಕಾಯಿಲ್‌ಗಳ ಸಾಮರ್ಥ್ಯ ಒಂದರಿಂದ ಒಂದೂವರೆ ಕಿಲೋವ್ಯಾಟ್. ಎರಡು ಲೀಟರಿನಷ್ಟು ಎಣ್ಣೆ ಇರುವ ಒಂದು ಮುಚ್ಚಿದ ಪೆಟ್ಟಿಗೆಯೊಳಗೆ ಅಂಥ ಕಾಯಿಲ್ ಬಿಡದೆ ಉರಿಯುತ್ತಿದೆ ಎಂದು ಕಲ್ಪಿಸಿಕೊಳ್ಳಿ. ಆ ಎರಡು ಶೇಕಡಾದ ಅರ್ಥ ಆಗ ಆಗುತ್ತದೆ.

ಆದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಇವೆರಡನ್ನೂ ಮೀರಿಸುವ ಇನ್ನೊಂದು ಕಾವಿನ ಮೂಲ ಇದೆ. ಅದು ಟಾರ್ಕ್ ಕನ್ವರ್ಟರ್. ಎದುರುಬದುರಾಗಿ ಇಟ್ಟ ಎರಡು ಫ್ಯಾನುಗಳಲ್ಲಿ ಒಂದನ್ನು ಓಡಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ, ಅಲ್ಲವೇ? ಗಾಳಿಯ ಬದಲು ಎಣ್ಣೆ ಇಟ್ಟರೆ ಅದೇ ಟಾರ್ಕ್ ಕನ್ವರ್ಟರಿನ ತತ್ತ್ವ. ಎರಡನೆಯ ಫ್ಯಾನು ಯಾವಾಗಲೂ ಸ್ವಲ್ಪ ಹಿಂದೆ ಬೀಳುತ್ತದೆ. ಈ ಜಾರಿಕೆ ನೂರಕ್ಕೆ 12ರಷ್ಟು ಇದ್ದರೆ, ಗೇರ್‌ಬಾಕ್ಸಿಗೆ 75 ಕಿಲೋವ್ಯಾಟ್ ತಲಪಲು ಎಂಜಿನ್ 85 ಕಿಲೋವ್ಯಾಟ್ ಕೊಡಬೇಕು. ನಡುವಿನ 10 ಕಿಲೋವ್ಯಾಟ್ ನೇರವಾಗಿ ಎಣ್ಣೆಯನ್ನು ಕಾಯಿಸುತ್ತದೆ. ಕನ್ವರ್ಟರಿನ ಎರಡು ಭಾಗಗಳನ್ನು ಬಿಗಿಯಾಗಿ ಕೂಡಿಸುವ 'ಲಾಕ್-ಅಪ್ ಕ್ಲಚ್' ಹಿಡಿದುಕೊಂಡ ಕೂಡಲೇ ಈ ಜಾರಿಕೆ ನಿಲ್ಲುತ್ತದೆ. ಅಂದರೆ ಅದೇ ವಾಹನ, ಅದೇ ಭಾರ, ಅದೇ ದಾರಿ. ಲಾಕ್ ಆಗಿದ್ದರೆ ಗೇರ್‌ಬಾಕ್ಸಿನ ಒಟ್ಟು ಕಾವು 3 ಕಿಲೋವ್ಯಾಟ್, ಆಗದಿದ್ದರೆ 13 ಕಿಲೋವ್ಯಾಟ್. ನಾಲ್ಕು ಪಟ್ಟಿಗಿಂತ ಹೆಚ್ಚಿನ ಅಂತರ! ಈ ಅಂತರವನ್ನು ನೆನಪಿಟ್ಟುಕೊಳ್ಳಿ. ಮುಂದಿನ ವಿಮರ್ಶೆ ನಿಂತಿರುವುದು ಇದರ ಮೇಲೆಯೇ.

ಈ 13 ಕಿಲೋವ್ಯಾಟ್ ಎಷ್ಟು ಬೇಗ ಕೆಲಸ ಮಾಡುತ್ತದೆ? ಗೇರ್‌ಬಾಕ್ಸಿನ ಅಲ್ಯೂಮಿನಿಯಂ ಕವಚ 25 ಕಿ.ಗ್ರಾಂ, ಒಳಗಿನ ಉಕ್ಕು 50 ಕಿ.ಗ್ರಾಂ, ಎಣ್ಣೆ 8 ಕಿ.ಗ್ರಾಂ ಎಂದಿಟ್ಟುಕೊಂಡು ಅವುಗಳ ವಿಶಿಷ್ಟೋಷ್ಣದಿಂದ ಗುಣಿಸಿ ಕೂಡಿದರೆ, ಇಡೀ ಪೆಟ್ಟಿಗೆಯ ತಾಪ ಒಂದು ಡಿಗ್ರಿ ಏರಲು ಸುಮಾರು 63 ಕಿಲೋಜೂಲ್ ಬೇಕು. ತಂಪಾಗುವ ದಾರಿಯೇ ಇಲ್ಲದಿದ್ದರೆ 13 ಕಿಲೋವ್ಯಾಟ್ ಅದನ್ನು ನಿಮಿಷಕ್ಕೆ 12 ಡಿಗ್ರಿಯಂತೆ ಕಾಯಿಸುತ್ತದೆ. 80°ಸೆ.ನಿಂದ 150°ಸೆ.ಗೆ ಏರಲು ಆರು ನಿಮಿಷವೂ ಬೇಡ. 3 ಕಿಲೋವ್ಯಾಟ್ ಆದರೋ ನಿಮಿಷಕ್ಕೆ ಮೂರೇ ಡಿಗ್ರಿ. ಇವು ಸ್ಥೂಲ ಲೆಕ್ಕಗಳು, ವಾಹನದಿಂದ ವಾಹನಕ್ಕೆ ಬದಲಾಗುತ್ತವೆ. ಆದರೆ ಅಂಕಿಗಳ ಗಾತ್ರ ಹೀಗೆಯೇ ಇರುತ್ತದೆ.

ಕೋಷ್ಟಕದ ಮೋಡಿ

ಈಗ ಆ ಪ್ರಸಿದ್ಧ ಕೋಷ್ಟಕಕ್ಕೆ ಬರೋಣ. ಎಣ್ಣೆಯ ತಾಪ 175 ಡಿಗ್ರಿ ಫ್ಯಾರನ್‌ಹೀಟ್ (ಸುಮಾರು 79°ಸೆ.) ಇದ್ದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ 1,00,000 ಮೈಲಿ ಬಾಳುತ್ತದೆ, 195 ಡಿಗ್ರಿಯಲ್ಲಿ 50,000 ಮೈಲಿ, 215ರಲ್ಲಿ 25,000 ಮೈಲಿ. ಹೀಗೆ ಪ್ರತಿ 20 ಫ್ಯಾರನ್‌ಹೀಟ್ ಡಿಗ್ರಿ ಏರಿದಾಗಲೂ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ ಎಂದು ಅದು ಹೇಳುತ್ತದೆ. ಕೂಲರ್ ಮಾರುವವರ ಗೋಡೆಗಳಲ್ಲೂ ಮೆಕ್ಯಾನಿಕ್‌ಗಳ ಮಾತಿನಲ್ಲೂ ಇದು ವೇದವಾಕ್ಯದಂತೆ ನಿಂತಿದೆ.

ಇದರ ಹಿಂದಿರುವ ವಿಜ್ಞಾನ ಸುಳ್ಳಲ್ಲ. ರಾಸಾಯನಿಕ ಕ್ರಿಯೆಯ ವೇಗ ತಾಪದೊಂದಿಗೆ ಘಾತೀಯವಾಗಿ ಏರುತ್ತದೆ ಎಂದು 1889ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ವಿವರಿಸಿದ. ಎಣ್ಣೆ ಆಮ್ಲಜನಕದೊಡನೆ ಸೇರಿ ಕೆಡುವುದು ಒಂದು ರಾಸಾಯನಿಕ ಕ್ರಿಯೆ. ಹತ್ತು ಸೆಲ್ಸಿಯಸ್ ಡಿಗ್ರಿಗೆ ಕ್ರಿಯಾವೇಗ ಇಮ್ಮಡಿ ಎಂಬ ಸ್ಥೂಲ ನಿಯಮವನ್ನು ನೀವು ತರಗತಿಯಲ್ಲಿ ಹೇಳಿಯೋ ಕೇಳಿಯೋ ಇರುತ್ತೀರಿ. 20 ಫ್ಯಾರನ್‌ಹೀಟ್ ಡಿಗ್ರಿ ಎಂದರೆ 11 ಸೆಲ್ಸಿಯಸ್ ಡಿಗ್ರಿ. ಕೋಷ್ಟಕ ಹೇಳುತ್ತಿರುವುದು ಹೆಚ್ಚುಕಡಿಮೆ ಇದನ್ನೇ. ಎಣ್ಣೆ 150°ಸೆ. ದಾಟಿದರೆ ಮೆರುಗೆಣ್ಣೆಯಂಥ ಪೊರೆ ಕಟ್ಟುವುದು, ಆಯಿಲ್ ಸೀಲುಗಳು ಗಟ್ಟಿಯಾಗಿ ಸೋರುವುದು, ಕ್ಲಚ್ ಬಿಲ್ಲೆಗಳು ಸುಡುವುದು ನಿಜವಾಗಿ ನಡೆಯುವಂಥವು. ಆದ್ದರಿಂದ ಕೋಷ್ಟಕ ತೋರಿಸುವ ದಿಕ್ಕು ಸರಿ. ತಕರಾರು ಇರುವುದು ಅದರ ಅಂಕಿಗಳ ಬಗ್ಗೆ.

ಮೊದಲ ತಕರಾರು, ಅದು ಆಯುಸ್ಸನ್ನು ಮೈಲಿಯಲ್ಲಿ ಅಳೆಯುತ್ತದೆ. ರಾಸಾಯನಿಕ ಕ್ರಿಯೆಗೆ ಮೈಲಿ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಗಂಟೆ ಮಾತ್ರ. ಒಂದೇ ತಾಪದಲ್ಲಿ ಗಂಟೆಗೆ 40 ಮೈಲಿ ಹೋಗುವ ಗಾಡಿಯ ಎಣ್ಣೆ, 80 ಮೈಲಿ ಹೋಗುವ ಗಾಡಿಯ ಎಣ್ಣೆಗಿಂತ ಪ್ರತಿ ಮೈಲಿಗೆ ಎರಡರಷ್ಟು ಹೊತ್ತು ಬೇಯುತ್ತದೆ. ಕೋಷ್ಟಕದ ಪ್ರಕಾರ ಇಬ್ಬರಿಗೂ ಒಂದೇ ಆಯುಸ್ಸು! ಮರಳಿನಲ್ಲಿ ಗಂಟೆಗೆ 10 ಮೈಲಿ ತೆವಳುವವನ ಗತಿ ಏನೆಂದು ಅದು ಹೇಳುವುದೇ ಇಲ್ಲ.

ಎರಡನೆಯ ತಕರಾರು ಗಣಿತದ್ದು. 175ರಿಂದ 195ಕ್ಕೆ ಹೋದಾಗ ವೇಗ ಇಮ್ಮಡಿಯಾಗಬೇಕಾದರೆ ಅರೇನಿಯಸ್ ಸಮೀಕರಣದ ಪ್ರಕಾರ ಉತ್ತೇಜನ ಶಕ್ತಿ ಮೋಲಿಗೆ ಸುಮಾರು 67 ಕಿಲೋಜೂಲ್ ಇರಬೇಕು. ಅದೇ ಬೆಲೆಯನ್ನು ಇಟ್ಟುಕೊಂಡು 275ರಿಂದ 295ಕ್ಕೆ ಹೋದರೆ ವೇಗ ಹೆಚ್ಚುವುದು 2 ಪಟ್ಟು ಅಲ್ಲ, 1.68 ಪಟ್ಟು. ಏಕೆಂದರೆ ಸಮೀಕರಣದಲ್ಲಿರುವುದು ತಾಪದ ವ್ಯುತ್ಕ್ರಮ. ತಾಪ ಏರಿದಂತೆ ಅದೇ 11 ಡಿಗ್ರಿಯ ಪ್ರಭಾವ ಕುಗ್ಗುತ್ತದೆ. ಕೋಷ್ಟಕ ಮಾತ್ರ ತುದಿಯಿಂದ ತುದಿಗೂ ಅರ್ಧ, ಅರ್ಧ ಎನ್ನುತ್ತಲೇ ಹೋಗುತ್ತದೆ. ಅಂದರೆ ಅದರ ಎಲ್ಲ ಸಾಲುಗಳೂ ಅಳತೆಯಿಂದ ಬಂದಿಲ್ಲ. ಒಂದು ಸಾಲಿನಿಂದ ಇನ್ನೊಂದನ್ನು ಭಾಗಾಕಾರ ಮಾಡಿ ಇಳಿಸಿದಂತಿದೆ. ಬಿ.ಎಸ್ಸಿ. ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು.

ಮೂರನೆಯದು, ಅದನ್ನು ತಿರುಗಿಸಿ ಓದಿ. ತಾಪ ಏರಿದರೆ ಅರ್ಧ ಎಂದಾದರೆ ಇಳಿದರೆ ಇಮ್ಮಡಿ ಆಗಬೇಕು. 155ರಲ್ಲಿ 2 ಲಕ್ಷ ಮೈಲಿ, 135ರಲ್ಲಿ 4 ಲಕ್ಷ, 115ರಲ್ಲಿ 8 ಲಕ್ಷ, 95ರಲ್ಲಿ (35°ಸೆ.) 16 ಲಕ್ಷ ಮೈಲಿ! ಹೀಗಾಗದು. ತಣ್ಣನೆಯ ಎಣ್ಣೆ ದಪ್ಪವಾಗಿರುತ್ತದೆ, ಕಡೆತದ ನಷ್ಟ ಹೆಚ್ಚುತ್ತದೆ, ಸಂದುಗಳಿಗೆ ತಡವಾಗಿ ಹರಿಯುತ್ತದೆ. ಬೇರಿಂಗು, ಹಲ್ಲುಗಳು ಸವೆಯುವುದಕ್ಕೆ ಎಣ್ಣೆ ಕೆಡುವುದೊಂದೇ ಕಾರಣವೂ ಅಲ್ಲ. ಇಂದಿನ ಅನೇಕ ಗೇರ್‌ಬಾಕ್ಸುಗಳಲ್ಲಿ ಎಣ್ಣೆಯನ್ನು ಬೇಕೆಂದೇ 80ರಿಂದ 100°ಸೆ. ಆಸುಪಾಸಿನಲ್ಲಿ ಇಡುವ ಥರ್ಮೋಸ್ಟಾಟ್ ಇದೆ. ಕೋಷ್ಟಕವನ್ನು ಅಕ್ಷರಶಃ ನಂಬಿದರೆ ಅವೆಲ್ಲ 50,000 ಮೈಲಿಯ ಹೊತ್ತಿಗೆ ಗುಜರಿ ಸೇರಬೇಕಿತ್ತು. ಹಾಗೇನೂ ಆಗಿಲ್ಲ. ಎಣ್ಣೆಗಳು ಬದಲಾದವು, ಸೀಲುಗಳ ರಬ್ಬರ್ ಬದಲಾಯಿತು. ಯಾವ ಎಣ್ಣೆ, ಯಾವ ಸೀಲು ಎಂದು ಹೇಳದ ಕೋಷ್ಟಕ ಮಾತ್ರ ಬದಲಾಗದೆ ಉಳಿಯಿತು.

ಈ ಮೂರಕ್ಕಿಂತ ದೊಡ್ಡ ತಕರಾರು ಒಂದಿದೆ. ಕೋಷ್ಟಕ ನಮ್ಮ ಕಣ್ಣನ್ನು ತಾಪದ ಮೇಲೆ ನೆಡುತ್ತದೆ. ತಾಪ ಎಂಬುದು ಕೊನೆಯಲ್ಲಿ ಕಾಣುವ ಫಲ. ಎಷ್ಟು ಉಷ್ಣ ಹುಟ್ಟುತ್ತಿದೆ, ಎಷ್ಟು ಹೊರಹೋಗುತ್ತಿದೆ ಎಂಬುದು ಅದರ ಕಾರಣ. ಜ್ವರ ಎಷ್ಟಿದೆ ಎಂದು ಮತ್ತೆ ಮತ್ತೆ ನೋಡಿ ಹಣೆಗೆ ಒದ್ದೆ ಬಟ್ಟೆ ಹಾಕುವುದು ಒಂದು, ಸೋಂಕು ಎಲ್ಲಿದೆ ಎಂದು ಹುಡುಕುವುದು ಇನ್ನೊಂದು.

ಡೇವಿಸ್ ಡ್ಯಾಮ್ ದಾರಿಯ ಪರೀಕ್ಷೆ

ಎರಡನೆಯ ಉತ್ತರ ಮೊದಲನೆಯದಕ್ಕಿಂತ ಬಹಳ ಗೌರವಾರ್ಹವಾದದ್ದು. ಹಿಂದೆ ಪ್ರತಿ ಕಂಪನಿಯೂ ತನ್ನದೇ ವಿಧಾನದಲ್ಲಿ 'ನಮ್ಮ ಗಾಡಿ ಇಷ್ಟು ಟನ್ ಎಳೆಯುತ್ತದೆ' ಎಂದು ಘೋಷಿಸುತ್ತಿತ್ತು. ಒಂದರ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸುವಂತಿರಲಿಲ್ಲ. ಅಮೆರಿಕದ ವಾಹನ ಎಂಜಿನಿಯರುಗಳ ಸಂಘವಾದ ಎಸ್‌ಎಇ 2008ರಲ್ಲಿ 'ಜೆ2807' ಎಂಬ ಪ್ರಮಾಣವನ್ನು ಪ್ರಕಟಿಸಿತು. 2011ರ ಮಾದರಿಗಳಿಗೆ ಅದನ್ನು ಮೊದಲು ಅಳವಡಿಸಿಕೊಂಡದ್ದು ಟೊಯೋಟ. ಉಳಿದ ದೊಡ್ಡ ಕಂಪನಿಗಳು ಕೆಲವು ವರ್ಷಗಳ ನಂತರ ಒಪ್ಪಿಕೊಂಡವು.

ಆ ಪ್ರಮಾಣದ ಉಷ್ಣಪರೀಕ್ಷೆಗೆ ಮಾದರಿಯಾದದ್ದು ಅರಿಜೋನ ರಾಜ್ಯದ ಡೇವಿಸ್ ಡ್ಯಾಮ್ ಬಳಿಯ ಏರುದಾರಿ. ಕೊಲರಾಡೊ ನದಿಯ ದಂಡೆಯಿಂದ ಶುರುವಾಗಿ 11.4 ಮೈಲಿಯಲ್ಲಿ, ಅಂದರೆ ಸುಮಾರು 18 ಕಿ.ಮೀ.ಯಲ್ಲಿ, ಅದು ಸುಮಾರು 900 ಮೀಟರ್ ಮೇಲೇರುತ್ತದೆ. ಬುಡದಲ್ಲಿ ಹವೆ 100 ಡಿಗ್ರಿ ಫ್ಯಾರನ್‌ಹೀಟ್ (38°ಸೆ.) ಇಲ್ಲವೇ ಅದಕ್ಕಿಂತ ಬಿಸಿ ಇರಬೇಕು. ಏರ್ ಕಂಡೀಷನರ್ ಪೂರ್ತಿ ತಂಪಿನಲ್ಲಿ ಓಡುತ್ತಿರಬೇಕು. ಹಿಂದಿನ ಆಕ್ಸಲ್ಲಿನಲ್ಲಿ ಒಂದೊಂದೇ ಚಕ್ರ ಇರುವ ವಾಹನ ಗಂಟೆಗೆ 40 ಮೈಲಿ (64 ಕಿ.ಮೀ.) ವೇಗಕ್ಕಿಂತ ಕೆಳಗಿಳಿಯಬಾರದು. ಯಾವ ಭಾಗವೂ ಮುರಿಯಬಾರದು, ಎಚ್ಚರಿಕೆ ದೀಪ ಹತ್ತಬಾರದು, ದ್ರವ ಸೋರಬಾರದು. ಎಲ್ಲರಿಗೂ ಒಂದೇ ಏರು, ಒಂದೇ ಬಿಸಿಲು. ಪ್ರಮಾಣೀಕರಣ ಎಂದರೇನು ಎಂದು ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಚೆನ್ನಾದ ಉದಾಹರಣೆ ಸಿಗುವುದು ಕಷ್ಟ.

ಆದರೂ ಈ ಪರೀಕ್ಷೆ ಉತ್ತರಿಸುವ ಪ್ರಶ್ನೆ ಯಾವುದು, ಉತ್ತರಿಸದ ಪ್ರಶ್ನೆ ಯಾವುದು ಎಂದು ಕೇಳಲೇಬೇಕು. 18 ಕಿ.ಮೀ.ಯನ್ನು 64 ಕಿ.ಮೀ. ವೇಗದಲ್ಲಿ ಏರಲು ಬೇಕಾಗುವುದು ಸುಮಾರು 17 ನಿಮಿಷ. ಎಂಜಿನ್ನಿಗೂ ಕೂಲರ್ ಇರುವ ಗೇರ್‌ಬಾಕ್ಸಿಗೂ ಅಷ್ಟು ಹೊತ್ತು ಸಾಕು. ಅವುಗಳ ತಾಪ ಆ ಹೊತ್ತಿಗೆ ಏರುವಷ್ಟು ಏರಿ ನಿಂತಿರುತ್ತದೆ. ಟ್ರಾನ್ಸ್‌ಫರ್ ಕೇಸಿನ ಕಥೆ ಬೇರೆ.

ಮರೆತುಹೋದ ಪೆಟ್ಟಿಗೆ

ಬಹುಪಾಲು ವಾಹನಗಳಲ್ಲಿ ಟ್ರಾನ್ಸ್‌ಫರ್ ಕೇಸಿಗೆ ಕೂಲರ್ ಇರುವುದಿಲ್ಲ. ಅದರ ಎಣ್ಣೆ ಅದರೊಳಗೇ ಸುತ್ತುತ್ತದೆ. ಕಾವು ಹೊರಹೋಗಲು ಇರುವ ದಾರಿ ಕವಚದ ಲೋಹ ಮತ್ತು ಅದನ್ನು ಸವರಿಕೊಂಡು ಹೋಗುವ ಗಾಳಿ, ಇಷ್ಟೇ. ಕವಚದ ಮೇಲ್ಮೈ 0.35 ಚದರ ಮೀಟರ್ ಎಂದಿಟ್ಟುಕೊಂಡರೆ, 60 ಕಿ.ಮೀ. ವೇಗದಲ್ಲಿ ಅದು ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 20 ವ್ಯಾಟ್ ಬಿಟ್ಟುಕೊಡುತ್ತದೆ. ಒಳಗೆ ಹುಟ್ಟುವ 1,400 ವ್ಯಾಟ್ ಹೊರಹೋಗಬೇಕಾದರೆ ಪೆಟ್ಟಿಗೆ ಸುತ್ತಲಿನ ಗಾಳಿಗಿಂತ 70 ಡಿಗ್ರಿ ಬಿಸಿಯಾಗಿರಬೇಕು. ಪಕ್ಕದಲ್ಲೇ ಹಾದುಹೋಗುವ ಸೈಲೆನ್ಸರ್ ಕೊಳವೆಯಿಂದಾಗಿ ಅಲ್ಲಿನ ಗಾಳಿಯೇ 50°ಸೆ. ಇದ್ದರೆ ಎಣ್ಣೆ 120°ಸೆ. ಮುಟ್ಟುತ್ತದೆ.

ಆದರೆ ತಕ್ಷಣ ಮುಟ್ಟುವುದಿಲ್ಲ. ಈ ಪೆಟ್ಟಿಗೆಯ ಲೋಹ, ಎಣ್ಣೆ ಎಲ್ಲ ಸೇರಿ ಡಿಗ್ರಿಗೆ 27 ಕಿಲೋಜೂಲ್ ಹೀರುತ್ತವೆ ಎಂದುಕೊಳ್ಳಿ. 27,000ವನ್ನು 20ರಿಂದ ಭಾಗಿಸಿದರೆ ಸುಮಾರು 1,350 ಸೆಕೆಂಡ್, ಅಂದರೆ 22 ನಿಮಿಷ. ಇದು ಅದರ ಕಾಲಸ್ಥಿರಾಂಕ. ಧಾರಕವನ್ನು ರೋಧದ ಮೂಲಕ ವಿದ್ಯುದಾವಿಷ್ಟಗೊಳಿಸುವಾಗ ಬರುವ ವಕ್ರರೇಖೆಯೇ ಇಲ್ಲೂ ಬರುತ್ತದೆ. 17 ನಿಮಿಷ ಮುಗಿದಾಗ ಪೆಟ್ಟಿಗೆ ಏರಬೇಕಾದ 70 ಡಿಗ್ರಿಯಲ್ಲಿ ಅರ್ಧದಷ್ಟು ಮಾತ್ರ ಏರಿರುತ್ತದೆ. ಪರೀಕ್ಷೆ ಮುಗಿಯಿತು, ಗಾಡಿ ಪಾಸಾಯಿತು. ಟ್ರಾನ್ಸ್‌ಫರ್ ಕೇಸ್ ಇನ್ನೂ ಪರೀಕ್ಷೆ ಬರೆಯುತ್ತಿತ್ತು!

ಇನ್ನು ಡಾಂಬರು ರಸ್ತೆ ಬಿಡಿ. ಆಸ್ಟ್ರೇಲಿಯಾದ ಒಳನಾಡಿನ ಮೆದು ಮರಳಿನಲ್ಲಿ ಅದೇ 5,000 ಕಿ.ಗ್ರಾಂ ಭಾರ ಗಂಟೆಗೆ 15 ಕಿ.ಮೀ. ವೇಗದಲ್ಲಿ ಹೋಗುತ್ತಿದೆ ಎನ್ನಿ. ಮರಳಿನಲ್ಲಿ ಉರುಳು ಘರ್ಷಣೆಯ ಗುಣಾಂಕ 0.2ರಷ್ಟು ಏರಬಲ್ಲದು. ಆಗ ಬೇಕಾದ ಬಲ 9,800 ನ್ಯೂಟನ್, ಸಾಮರ್ಥ್ಯ 41 ಕಿಲೋವ್ಯಾಟ್. ನೋಡಿ: ವೇಗ ನಾಲ್ಕನೇ ಒಂದಕ್ಕೆ ಇಳಿದಿದೆ, ಸಾಮರ್ಥ್ಯ ಮಾತ್ರ 67ರಿಂದ 41ಕ್ಕೆ, ಅಂದರೆ ನೂರಕ್ಕೆ 60ರಷ್ಟಕ್ಕೆ ಇಳಿದಿದೆ. ಬಲವಂತದ ಸಂವಹನ ಸ್ಥೂಲವಾಗಿ ಗಾಳಿಯ ವೇಗದ 0.8 ಘಾತವನ್ನು ಅನುಸರಿಸುವುದರಿಂದ ತಂಪಾಗುವಿಕೆ ಮೂರನೇ ಒಂದಕ್ಕೆ ಇಳಿಯುತ್ತದೆ. ಫಲವಾಗಿ ಪೆಟ್ಟಿಗೆ ಕೊನೆಗೆ ತಲಪಬೇಕಾದ ತಾಪದ ಏರಿಕೆ 70ರ ಬದಲು 130 ಡಿಗ್ರಿ. ಕಾಲಸ್ಥಿರಾಂಕವೂ ಒಂದು ಗಂಟೆಗಿಂತ ಹೆಚ್ಚಾಗುತ್ತದೆ. ಅಂದರೆ ಬೆಳಿಗ್ಗೆ ಎಲ್ಲ ಸರಿಯಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಎಣ್ಣೆ ಸುಟ್ಟ ವಾಸನೆ ಬರುತ್ತದೆ. ಅಲ್ಲಿಂದ ಮುಂದಿನ ಊರು ನೂರಾರು ಕಿಲೋಮೀಟರ್ ದೂರ ಇರಬಹುದು. ಬಿಸಿಯಾದ ಎಣ್ಣೆ ತೆಳುವಾಗಿ, ಹಲ್ಲುಗಳ ನಡುವಿನ ಪೊರೆ ಹರಿದು, ಲೋಹಕ್ಕೆ ಲೋಹ ಉಜ್ಜಿ ಇನ್ನಷ್ಟು ಕಾವು ಹುಟ್ಟುವ ವಿಷವರ್ತುಲ ಶುರುವಾಗುವುದೂ ಆಗಲೇ. ಡಾಂಬರಿನ ಏರುದಾರಿಯ ಪರೀಕ್ಷೆಯಲ್ಲಿ ಪಡೆದ ಅಂಕಿಯನ್ನು ನಂಬಿ ಮರಳಿಗೆ ಇಳಿಯುವವರಿಗೆ ಈ ಅಪಾಯ ಯಾರೂ ಹೇಳಿರುವುದಿಲ್ಲ. ಇದು ಪ್ರಮಾಣದ ತಪ್ಪಲ್ಲ. ಅದನ್ನು ಎಲ್ಲ ದಾರಿಗೂ ಅನ್ವಯಿಸುವ ಜಾಹೀರಾತಿನ ತಪ್ಪು.

ಪರಿಹಾರಗಳ ತೂಕ

ಮೂರನೆಯ ಉತ್ತರ ಆಯಿಲ್ ಕೂಲರ್. ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ ನಿಮಿಷಕ್ಕೆ 8 ಲೀಟರಿನಂತೆ ಕೂಲರ್ ಮೂಲಕ ಹರಿದರೆ, ಪ್ರತಿ ಡಿಗ್ರಿ ಇಳಿತಕ್ಕೂ ಸುಮಾರು 0.23 ಕಿಲೋವ್ಯಾಟ್ ಹೊರಹೋಗುತ್ತದೆ. 10 ಕಿಲೋವ್ಯಾಟ್ ಹೊರಹಾಕಲು ಎಣ್ಣೆ 43 ಡಿಗ್ರಿ ತಣಿಯಬೇಕು. ಒಳ್ಳೆಯ ಕೂಲರ್‌ಗೆ ಇದು ಅಸಾಧ್ಯವಲ್ಲ. ಆದರೆ ಕೂಲರ್ ಇರುವುದು ರೇಡಿಯೇಟರಿನ ಮುಂದೆ. ಅಲ್ಲಿ ಕಾದ ಗಾಳಿಯೇ ರೇಡಿಯೇಟರಿಗೆ ಹೋಗುತ್ತದೆ. ಉಷ್ಣ ಮಾಯವಾಗುವುದಿಲ್ಲ, ಒಂದು ಪೆಟ್ಟಿಗೆಯಿಂದ ಇನ್ನೊಂದರ ತಲೆಗೆ ಬೀಳುತ್ತದೆ. ಅಷ್ಟೂ ಶ್ರಮ ಆ 10 ಕಿಲೋವ್ಯಾಟ್ ಹೊರಹಾಕಲು. ಲಾಕ್-ಅಪ್ ಹಿಡಿಯುವ ಗೇರಿನಲ್ಲಿ ಓಡಿಸಿದರೆ ಅದು ಹುಟ್ಟುವುದೇ ಇಲ್ಲ! ಹೀಗಾಗಿ ಮೊದಲ ಪರಿಹಾರ ಇರುವುದು ಅಂಗಡಿಯಲ್ಲಲ್ಲ, ಚಾಲಕನ ಕೈಯಲ್ಲಿ. ಕೂಲರ್ ಅದರ ನಂತರದ್ದು. ಕೂಲರ್ ಬೇಡವೆಂದಲ್ಲ, ಭಾರ ಎಳೆಯುವ ಆಟೋಮ್ಯಾಟಿಕ್‌ಗೆ ಅದು ಅಗತ್ಯವೇ. ಆದರೆ ಅದು ಟ್ರಾನ್ಸ್‌ಫರ್ ಕೇಸಿನ ಒಂದು ಹನಿ ಎಣ್ಣೆಯನ್ನೂ ಮುಟ್ಟುವುದಿಲ್ಲ ಎಂಬುದನ್ನು ಖರೀದಿಸುವವರು ತಿಳಿದಿರಬೇಕು.

ಹಾಗಾದರೆ ಯಾವ ಕ್ರಮಗಳು ನಿಲ್ಲುತ್ತವೆ? ತೂಗಿ ನೋಡಿದ ಮೇಲೆ ಉಳಿಯುವವು ಇವು.

ಏರಿನಲ್ಲಿ ಒಂದು ಗೇರ್ ಕೆಳಗಿಳಿಸಿ, ಎಂಜಿನ್ನಿನ ಸುತ್ತುಗಳನ್ನು ಏರಿಸಿ, ಲಾಕ್-ಅಪ್ ಬಿಡದಂತೆ ನೋಡಿಕೊಳ್ಳುವುದು. ಮೇಲಿನ ಗೇರ್, ಕೆಳಗಿನ ಗೇರ್ ಎಂದು ಗಾಡಿ ಮತ್ತೆ ಮತ್ತೆ ತಡಕಾಡುತ್ತಿದ್ದರೆ ಪ್ರತಿ ಬದಲಾವಣೆಗೂ ಕ್ಲಚ್ಚುಗಳು ಜಾರಿ ಕಾವು ಹುಟ್ಟುತ್ತದೆ.

ಮರಳು, ಕೆಸರು, ಕಡಿದಾದ ಮಣ್ಣುದಾರಿಯಲ್ಲಿ ಲೋ ರೇಂಜ್ ಬಳಸುವುದು. ಅದು ಸುಮಾರು 2.5ಕ್ಕೆ 1ರ ಅನುಪಾತ ಕೊಡುತ್ತದೆ ಎನ್ನಿ. ಅದೇ ನೆಲವೇಗಕ್ಕೆ ಗೇರ್‌ಬಾಕ್ಸ್ ಎರಡೂವರೆ ಪಟ್ಟು ಬೇಗ ತಿರುಗುತ್ತದೆ, ಹೊರಬೇಕಾದ ತಿರುಗುಬಲ ಅಷ್ಟೇ ಪಟ್ಟು ಇಳಿಯುತ್ತದೆ. ಟಾರ್ಕ್ ಕನ್ವರ್ಟರಿನ ಜಾರಿಕೆ ತಗ್ಗುತ್ತದೆ. ಟ್ರಾನ್ಸ್‌ಫರ್ ಕೇಸಿನಲ್ಲಿ ಇನ್ನೊಂದು ಜೊತೆ ಹಲ್ಲುಗಳ ನಷ್ಟ ಸೇರುತ್ತದೆ ನಿಜ. ಕನ್ವರ್ಟರಿನಲ್ಲಿ ಆಗುವ ಉಳಿತಾಯದ ಮುಂದೆ ಅದು ಸಣ್ಣದು.

ಒಣ ಡಾಂಬರಿನ ಮೇಲೆ, ನಡುವೆ ಡಿಫರೆನ್ಷಿಯಲ್ ಇಲ್ಲದ ವಾಹನದಲ್ಲಿ, ನಾಲ್ಕು ಚಕ್ರದ ಬಿಗಿತವನ್ನು ಹಾಕದಿರುವುದು. ತಿರುವಿನಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಉರುಳಬೇಕು. ಬಿಗಿದು ಕಟ್ಟಿದರೆ ಆ ಹೆಣಗಾಟವೆಲ್ಲ ಟ್ರಾನ್ಸ್‌ಫರ್ ಕೇಸಿನೊಳಗೆ ಒತ್ತಡವಾಗಿ, ಕಾವಾಗಿ ಇಳಿಯುತ್ತದೆ.

ಮಣ್ಣು ತೊಳೆಯುವುದು. ಕವಚದ ಮೇಲೆ ಅರ್ಧ ಸೆಂಟಿಮೀಟರ್ ಒಣಗಿದ ಕೆಸರು ಇದೆ ಎನ್ನಿ. ಅದರ ಉಷ್ಣವಾಹಕತೆ ಮೀಟರಿಗೆ, ಡಿಗ್ರಿಗೆ 0.5 ವ್ಯಾಟ್ ಎಂದಾದರೆ ಉಷ್ಣರೋಧ 0.01. ಗಾಳಿಯ ಪದರದ ರೋಧ 60 ಕಿ.ಮೀ. ವೇಗದಲ್ಲಿ 0.0175. ಎರಡನ್ನೂ ಕೂಡಿದರೆ ಒಟ್ಟು ರೋಧ ಅರ್ಧಕ್ಕೂ ಹೆಚ್ಚು ಏರುತ್ತದೆ. 70 ಡಿಗ್ರಿಯ ಏರಿಕೆ 110 ಆಗುತ್ತದೆ. ಒಂದು ಬಕೆಟ್ ನೀರು, ಒಂದು ಬ್ರಷ್ಷು ಮಾಡುವ ಕೆಲಸವನ್ನು ದುಬಾರಿ ಕೂಲರ್ ಕೂಡ ಇಲ್ಲಿ ಮಾಡಲಾರದು. ಅಡಿಭಾಗಕ್ಕೆ ಹೆಚ್ಚುವರಿ ರಕ್ಷಣಾ ತಗಡು ಹಾಕಿಸುವಾಗಲೂ ಗಾಳಿಯ ದಾರಿ ಮುಚ್ಚುತ್ತಿದೆಯೇ ಎಂದು ನೋಡಬೇಕು.

ಎಣ್ಣೆಯ ಮಟ್ಟ ಸರಿಯಾಗಿ ಇಡುವುದು. 'ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದು' ಎಂಬ ನಂಬಿಕೆ ತಪ್ಪು. ಹಲ್ಲುಗಳು ಹೆಚ್ಚು ಮುಳುಗಿದರೆ ಮೊಸರು ಕಡೆದಂತೆ ಎಣ್ಣೆಯನ್ನು ಕಡೆಯುತ್ತವೆ. ಅದರಿಂದ ಕಾವೂ ನೊರೆಯೂ ಹುಟ್ಟುತ್ತವೆ. ದರ್ಜೆಯೂ ಮುಖ್ಯ. 90 ದರ್ಜೆಯ ಗೇರ್ ಎಣ್ಣೆ 100°ಸೆ.ನಲ್ಲಿ ಆಟೋಮ್ಯಾಟಿಕ್ ಎಣ್ಣೆಗಿಂತ ಎರಡು ಪಟ್ಟಿಗೂ ಹೆಚ್ಚು ದಪ್ಪ. ಕೆಲವು ಟ್ರಾನ್ಸ್‌ಫರ್ ಕೇಸುಗಳಿಗೆ ಒಂದು, ಕೆಲವಕ್ಕೆ ಇನ್ನೊಂದು. ತಯಾರಕರ ಕೈಪಿಡಿ ಹೇಳಿದ್ದನ್ನೇ ಹಾಕಬೇಕು.

ಕಷ್ಟದ ಏರು ಮುಗಿದ ಮೇಲೆ ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಕೆಲವು ನಿಮಿಷ ಓಡಲು ಬಿಡುವುದು. ಗೇರ್‌ಬಾಕ್ಸಿನ ಪಂಪು ಎಣ್ಣೆಯನ್ನು ಕೂಲರ್ ಮೂಲಕ ಸುತ್ತಿಸುತ್ತಿರುತ್ತದೆ. ಟ್ರಾನ್ಸ್‌ಫರ್ ಕೇಸಿಗೆ ಇದರಿಂದ ಲಾಭ ಕಡಿಮೆ. ಅದಕ್ಕೆ ಬೇಕಾದದ್ದು ದೀರ್ಘ ವಿರಾಮ.

ಕೊನೆಯದಾಗಿ, ಅಳೆಯುವುದಾದರೆ ಎಲ್ಲಿ ಅಳೆಯುತ್ತಿದ್ದೇವೆ ಎಂದು ತಿಳಿದು ಅಳೆಯುವುದು. ಟಾರ್ಕ್ ಕನ್ವರ್ಟರಿನಿಂದ ಹೊರಬರುವ ಎಣ್ಣೆ ತಳದ ತಟ್ಟೆಯಲ್ಲಿರುವ ಎಣ್ಣೆಗಿಂತ ಹತ್ತಾರು ಡಿಗ್ರಿ ಬಿಸಿ ಇರಬಹುದು. ಮೀಟರಿನಲ್ಲಿ ಕಾಣುವ ಒಂದೇ ಅಂಕಿ ಇಡೀ ಪೆಟ್ಟಿಗೆಯ ತಾಪವಲ್ಲ.

ತರಗತಿಗೆ ಒಂದಿಷ್ಟು

ನಮ್ಮ ಊರುಗಳಲ್ಲಿ ಗಾಲಿಮನೆ ಎಳೆಯುವವರಿಲ್ಲ, ನಿಜ. ಆದರೆ ಕಬ್ಬು ತುಂಬಿದ ಟ್ರೇಲರ್ ಎಳೆಯುವ ಟ್ರಾಕ್ಟರ್ ಇದೆ. ಅದು ಅಷ್ಟು ಭಾರ ಎಳೆದರೂ ಅದರ ಗೇರ್‌ಬಾಕ್ಸ್ ಹೀಗೇಕೆ ಕಾಯುವುದಿಲ್ಲ ಎಂದು ವಿದ್ಯಾರ್ಥಿಗಳನ್ನು ಕೇಳಿ. ಸಾಮಾನ್ಯ ಟ್ರಾಕ್ಟರಿನಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ. ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲ್ ಸೇರಿದ ದೊಡ್ಡ ಬೀಡುಕಬ್ಬಿಣದ ಕವಚ. ಅದರೊಳಗೆ ಹತ್ತಾರು ಲೀಟರ್ ಎಣ್ಣೆ. ಹುಟ್ಟುವ ಕಾವು ಕಡಿಮೆ, ಹೀರಿಕೊಳ್ಳುವ ದ್ರವ್ಯ ಹೆಚ್ಚು, ಬಿಟ್ಟುಕೊಡುವ ಮೇಲ್ಮೈ ವಿಶಾಲ. ಮೂರೂ ಉತ್ತರಗಳು ಅವರಿಂದಲೇ ಬರಲಿ.

ಒಂದು ಸರಳ ಪ್ರಯೋಗವನ್ನೂ ಮಾಡಿಸಬಹುದು. ಒಂದೇ ಅಳತೆಯ ಎರಡು ತಗಡಿನ ಡಬ್ಬಿಗಳಿಗೆ ಹೊಳಪಿಲ್ಲದ ಕಪ್ಪು ಬಣ್ಣ ಬಳಿಯಿರಿ. ಒಂದಕ್ಕೆ ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಜೇಡಿಮಣ್ಣು ಮೆತ್ತಿ ಪೂರ್ತಿ ಒಣಗಲು ಬಿಡಿ. ಹಸಿಯಿದ್ದರೆ ನೀರು ಆವಿಯಾಗಿ ಮಡಕೆಯಂತೆ ತಂಪು ಮಾಡಿಬಿಡುತ್ತದೆ! ಎರಡಕ್ಕೂ ಸಮನಾಗಿ ಬಿಸಿನೀರು ಹಾಕಿ, ಮುಚ್ಚಳ ಮುಚ್ಚಿ, ಟೇಬಲ್ ಫ್ಯಾನಿನ ಮುಂದೆ ಇಟ್ಟು ಎರಡೆರಡು ನಿಮಿಷಕ್ಕೊಮ್ಮೆ ತಾಪ ಬರೆದುಕೊಳ್ಳಿ. ನಂತರ ಫ್ಯಾನ್ ನಿಲ್ಲಿಸಿ ಇದನ್ನೇ ಮತ್ತೆ ಮಾಡಿ. ಎರಡು ಡಬ್ಬಿಗಳ ನಡುವಿನ ಅಂತರ ಯಾವಾಗ ಹೆಚ್ಚು, ಯಾವಾಗ ಕಡಿಮೆ? ಗಾಳಿಯ ರೋಧ ಮತ್ತು ಮಣ್ಣಿನ ರೋಧಗಳಲ್ಲಿ ಯಾವುದು ಮೇಲುಗೈ ಎಂಬುದರ ಮೇಲೆ ಅದು ನಿಂತಿದೆ. ಈ ಪ್ರಯೋಗ ಮಾಡಿದ ವಿದ್ಯಾರ್ಥಿ 'ಮಣ್ಣು ಮೆತ್ತಿದರೆ ಇಷ್ಟು ಡಿಗ್ರಿ ಏರುತ್ತದೆ' ಎಂಬ ಕೋಷ್ಟಕವನ್ನು ಕಂಡರೆ ಮೊದಲು ಕೇಳುವುದು ಇದನ್ನೇ: 'ಗಾಳಿ ಎಷ್ಟಿತ್ತು?'

ಕೋಷ್ಟಕ ಸುಲಭ, ಪ್ರಮಾಣಪತ್ರ ಸುಲಭ, ಕೂಲರ್ ಕೊಳ್ಳುವುದೂ ಸುಲಭ. ಎಷ್ಟು ಕಾವು ಹುಟ್ಟಿತು, ಎಲ್ಲಿ ಹುಟ್ಟಿತು, ಯಾವ ದಾರಿಯಲ್ಲಿ ಹೊರಹೋಯಿತು, ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂಬ ನಾಲ್ಕು ಪ್ರಶ್ನೆಗಳು ಅಷ್ಟು ಸುಲಭವಲ್ಲ. ಆದರೆ ಗೇರ್‌ಬಾಕ್ಸಿಗೆ ಮಾತ್ರವಲ್ಲ, ಟ್ರಾನ್ಸ್‌ಫಾರ್ಮರಿಗೂ ಕಂಪ್ಯೂಟರಿನ ಚಿಪ್ಪಿಗೂ ಸಲ್ಲುವ ಪ್ರಶ್ನೆಗಳು ಅವು. ಮುಂದಿನ ಬಾರಿ ತಾಪದ ಒಂದು ಅಂಕಿ ನಿಮ್ಮ ಮುಂದೆ ಬಂದಾಗ ಅದನ್ನು ಒಪ್ಪಿಕೊಳ್ಳುವ ಮೊದಲು ಈ ನಾಲ್ಕನ್ನೂ ಕೇಳಿ ನೋಡಿ.